ಮೇಗುತಿ ಗುಡ್ಡದ ಕಲ್ಲುಮನೆಗಳು: ಸದಸ್ಯರ ಗಮನಕ್ಕೆ

ಸದಸ್ಯರೇ, ಐಹೊಳೆಯ ಮೇಗುತಿ ಗುಡಿಯ ಹಿಂದಿನ ಕಲ್ಲುಮನೆಗಳ ಬಗ್ಗೆ ನಿನ್ನೆಯಿಂದ ಗುಂಪಿನಲ್ಲಿ ಬಿಸಿಬಿಸಿ ವಾದ ನಡೆದಿದೆ: ಗುಡಿಯ ಕಾಲದವೇ ಎಂದು ಕೆಲವರು, ಅನ್ಯಗ್ರಹದವರು ಕಟ್ಟಿದ್ದು ಎಂದು ಇನ್ನು ಕೆಲವರು. ವಾದ ಬೇಡ ಎನ್ನುವುದಿಲ್ಲ, ಅದಕ್ಕೊಂದು ಬುಡವಿರಲಿ. ಗುಡಿಯಲ್ಲಿರುವ, ಚಾಲುಕ್ಯರ ಕಾಲದ ಕವಿ ರವಿಕೀರ್ತಿಯ ಶಾಸನ ಕ್ರಿ.ಶ. 634ರದು. ಅದು ಗುಡಿಯ ಕಾಲವನ್ನು ಹೇಳುತ್ತದೆಯೇ ಹೊರತು ಕಲ್ಲುಮನೆಗಳದ್ದನ್ನಲ್ಲ. ಇವು ಬೃಹತ್ ಶಿಲಾ ಸಂಸ್ಕೃತಿಯ, ಅಂದರೆ ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟುತ್ತಿದ್ದ ಪ್ರಾಚೀನ ಜನರ ಸಮಾಧಿಗಳು, ಚಾಲುಕ್ಯರಿಗಿಂತ ಎಷ್ಟೋ ಹಿಂದಿನವು ಎಂಬುದು ಪುರಾತತ್ತ್ವಜ್ಞರ ನಿಲುವು.

"ಇಂಥ ಚಪ್ಪಡಿ ಎತ್ತಿದವರು ಮನುಷ್ಯರೇ ಅಲ್ಲ" ಎಂದವರು ಗುಡ್ಡವನ್ನೊಮ್ಮೆ ಕಣ್ಣುಬಿಟ್ಟು ನೋಡಲಿ. ಅಲ್ಲಿನ ಮರಳುಗಲ್ಲು ಪದರುಪದರಾಗಿಯೇ ಇದೆ. ಸೀಳಿದರೆ ಚಪ್ಪಡಿ ಸಿದ್ಧ, ದೂರದಿಂದ ಹೊತ್ತು ತರಬೇಕಿಲ್ಲ. ಮೂರು ಬದಿಗೆ ಚಪ್ಪಡಿ ನಿಲ್ಲಿಸಿ, ಮೇಲೊಂದನ್ನು ಹೊದಿಸಿ, ಎದುರಿನ ಕಲ್ಲಿನಲ್ಲಿ ದುಂಡನೆಯ ಕಂಡಿ ಕೊರೆದಿದ್ದಾರೆ. ಆ ಕಂಡಿ ಏಕೆ? ಕೆದಕಬೇಕಾದ ಪ್ರಶ್ನೆ ಇದೇ. ಮೋರೇರು ಎಂಬ ಗಿಡ್ಡ ಜನ ಇಲ್ಲಿ ವಾಸವಾಗಿದ್ದರು, ಇದು ಅವರು ನುಸುಳುತ್ತಿದ್ದ ಬಾಗಿಲು ಎಂಬ ಊರವರ ಕಥೆ ನನಗೂ ಇಷ್ಟ, ಆದರೆ ಅದನ್ನು ಸಾಕ್ಷಿಯೆಂದು ಒಪ್ಪಲಾರೆ.

ಅನ್ಯಗ್ರಹದವರ ವಿಡಿಯೋಗಳನ್ನು ಇನ್ನು ಮುಂದೆ ಅಳಿಸುತ್ತೇನೆ, ಬೇಸರ ಬೇಡ. ಭಾನುವಾರ ಗುಡ್ಡಕ್ಕೆ ಬರುವವರು ಚಪ್ಪಡಿಗಳ ಮೇಲೆ ಹತ್ತಬೇಡಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡಿ. ನೀರು ಮರೆಯಬೇಡಿ.