ತ್ಸಾವ್ ತ್ಸಾವ್‌ನ ನಾಟಕ ಬರೆಯುತ್ತಿರುವ ಸುಹಾಸನಿಗೆ

ಚಿ. ಸುಹಾಸನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಇಳಿದಿದೆ.

ನಾಟಕದ ಮೊದಲ ಅಂಕ ಓದಿದೆ. ಸಂಭಾಷಣೆ ಚುರುಕಾಗಿದೆ. ಆದರೆ ಚೀನಾದ ಹಾನ್ ವಂಶದ ಕೊನೆಗಾಲದ ಆ ದಂಡನಾಯಕ ತ್ಸಾವ್ ತ್ಸಾವ್ ರಂಗಕ್ಕೆ ಬರುವ ಮೊದಲೇ ಅವನು ಖಳನೆಂದು ನೀನು ತೀರ್ಮಾನಿಸಿಬಿಟ್ಟಿದ್ದೀಯೆ. ಪೀಕಿಂಗ್ ಒಪೆರಾದವರು ಅವನ ಮುಖಕ್ಕೆ ಕುಟಿಲತನದ ಬಿಳಿ ಬಣ್ಣ ಬಳಿಯುತ್ತಾರೆ, ನೀನು ಮಾತಿನಲ್ಲಿ ಬಳಿದಿದ್ದೀಯೆ, ಅಷ್ಟೇ.

ತ್ಸಾವ್ ತ್ಸಾವ್ ತಂಗಿದ್ದ ಪರಿಚಯದವ ಲ್ಯೂ ಬೋಶನ ಮನೆಯಲ್ಲಿ ಅವನು ಮಾಡಿದ ಕೊಲೆಗಳನ್ನೇ ನೋಡು. ನೀನು ಅವನ್ನು ಲುವೊ ಗ್ವಾನ್‌ಝಾಂಗ್‌ನ ಕಾದಂಬರಿ ‘ಮೂರು ರಾಜ್ಯಗಳ ಕಥನ’ದಿಂದ ಎತ್ತಿಕೊಂಡಿದ್ದೀಯೆ. ತ್ಸಾವ್ ತ್ಸಾವ್ ಸತ್ತದ್ದು 220ರಲ್ಲಿ, ಆ ಕಾದಂಬರಿ ಹುಟ್ಟಿದ್ದು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ. 429ರಲ್ಲಿ ಇತಿಹಾಸಕಾರ ಪೇ ಸೊಂಗ್‌ಝಿ ಆ ಕಾಲದ ಹಳೆಯ ಇತಿಹಾಸಗ್ರಂಥಕ್ಕೆ ಟಿಪ್ಪಣಿ ಬರೆದಾಗ ಈ ಘಟನೆಯ ಮೂರು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟ. ಒಂದರಲ್ಲಿ ಮನೆಯವರೇ ದೋಚಲು ಬಂದಾಗ ತ್ಸಾವ್ ತ್ಸಾವ್ ಕತ್ತಿ ಹಿರಿಯುತ್ತಾನೆ. ಇನ್ನೊಂದರಲ್ಲಿ ಸುಮ್ಮನೆ ಅನುಮಾನಪಟ್ಟು ಎಂಟು ಜನರನ್ನು ಕೊಲ್ಲುತ್ತಾನೆ. ಮೂರನೆಯದರಲ್ಲಿ ಪಾತ್ರೆಗಳ ಸದ್ದು ಕೇಳಿ ಬೆದರಿ ಕೊಲ್ಲುತ್ತಾನೆ, ಆಮೇಲೆ ದುಃಖದಿಂದ ‘ಜನ ನನಗೆ ದ್ರೋಹ ಮಾಡುವುದಕ್ಕಿಂತ ನಾನೇ ಅವರಿಗೆ ಮಾಡುವುದು ಮೇಲು’ ಎನ್ನುತ್ತಾನೆ. ಹೆಂಡ ತರಲು ಹೋಗಿದ್ದ ಮುದುಕ ಲ್ಯೂ ಬೋಶನನ್ನೇ ದಾರಿಯಲ್ಲಿ ಕಡಿದ ಸಂಗತಿ ಮೂರರಲ್ಲೂ ಇಲ್ಲ. ಕಾದಂಬರಿ ಆ ಕೊಲೆಯನ್ನು ಸೇರಿಸಿತು, ದುಃಖವನ್ನು ಕಳೆಯಿತು.

ಲುವೊನೊಬ್ಬನನ್ನೇ ದೂರಬೇಡ. ಕಥೆಗಾರರು ಹೇಳುವಾಗ ತ್ಸಾವ್ ತ್ಸಾವ್‌ನ ಎದುರಾಳಿ ಲಿಯು ಬೇ ಸೋತರೆ ಮಕ್ಕಳು ಅಳುತ್ತಿದ್ದರು, ತ್ಸಾವ್ ತ್ಸಾವ್ ಸೋತರೆ ಕುಣಿಯುತ್ತಿದ್ದರು ಎಂದು ಅವನಿಗಿಂತ ಎಷ್ಟೋ ಮೊದಲೇ ಕವಿ ಸು ಶಿ ಬರೆದಿಟ್ಟಿದ್ದಾನೆ.

ಹಾಗೆಂದು ತ್ಸಾವ್ ತ್ಸಾವ್‌ನನ್ನು ಸಂತನನ್ನಾಗಿಯೂ ಮಾಡಬೇಡ. 1959ರಲ್ಲಿ ಚೀನೀ ಸಾಹಿತಿ ಗುವೊ ಮೊರುವೊ ಅವನ ಹೆಸರಿನ ಮಸಿ ತೊಳೆಯಲೆಂದೇ ನಾಟಕ ಬರೆದರು. ಅದೂ ಒಂದು ಬಗೆಯ ಬಣ್ಣವೇ. ತಂದೆಯ ಕೊಲೆಗೆ ಸೇಡು ತೀರಿಸಲು ಅವನು 193ರಲ್ಲಿ ಷೂ ಪ್ರಾಂತದ ಮೇಲೆ ದಂಡೆತ್ತಿ ಹೋದಾಗ ಹೆಣಗಳಿಂದ ಸಿ ನದಿಯ ಹರಿವೇ ನಿಂತಿತೆಂದು ಇತಿಹಾಸ ಹೇಳುತ್ತದೆ. ಇದು ನಿನ್ನ ನಾಟಕದಲ್ಲಿ ಎಲ್ಲಿದೆ? ಕಾದಂಬರಿ ಅದನ್ನು ಕೆಲವೇ ಮಾತುಗಳಲ್ಲಿ ದಾಟಿ, ನೆರವಿಗೆ ಬರುವ ಲಿಯು ಬೇಯ ಕಡೆ ತಿರುಗಿಬಿಡುತ್ತದೆ. ಒಂದು ಮನೆಯ ಕೊಲೆ ಅವನಿಗೆ ಅಂಟಿಕೊಂಡಿತು, ಒಂದು ಪ್ರಾಂತದ ಸಂಹಾರ ಬರೀ ಹಿನ್ನೆಲೆಯಾಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ಪಾಳುಬಿದ್ದ ಹೊಲಗಳಿಗೆ ಜನರನ್ನು ಕರೆತಂದು ದವಸ ಬೆಳೆಸಿದವನೂ, ಬಯಲಲ್ಲಿ ಬಿದ್ದ ಬಿಳಿ ಎಲುಬುಗಳ ಬಗ್ಗೆ, ಸಾವಿರ ಲಿ (ಚೀನೀ ಹರಿದಾರಿ) ದೂರ ಕೋಳಿ ಕೂಗೂ ಕೇಳದ ನಾಡಿನ ಬಗ್ಗೆ ಕವಿತೆ ಕಟ್ಟಿದವನೂ ಅವನೇ.

ಎರಡನೆಯ ಅಂಕಕ್ಕೆ ವೈದ್ಯ ಹುವಾ ತುವೊನನ್ನು ತೆಗೆದುಕೊ. ತ್ಸಾವ್ ತ್ಸಾವ್‌ನ ತಲೆ ಸೀಳಿ ಚಿಕಿತ್ಸೆ ಮಾಡುತ್ತೇನೆಂದದ್ದಕ್ಕೆ ಅವನನ್ನು ಸೆರೆಗೆ ತಳ್ಳಿದ ಕಥೆ ಕಾದಂಬರಿಯದು. ಇತಿಹಾಸದಲ್ಲಿ ಆ ವೈದ್ಯ ಹೆಂಡತಿಗೆ ಕಾಯಿಲೆಯೆಂದು ನೆಪ ಹೇಳಿ ಊರಲ್ಲೇ ಉಳಿಯುತ್ತಾನೆ, ಸುಳ್ಳು ಬಯಲಾಗಿ ಸಾಯುತ್ತಾನೆ. ಮುಂದೆ ಮುದ್ದಿನ ಮಗ ತ್ಸಾವ್ ಚೋಂಗ್ ಕಾಯಿಲೆ ಬಿದ್ದು ಉಳಿಯದೆ ಹೋದಾಗ, ಆ ವೈದ್ಯನನ್ನು ಕೊಲ್ಲಿಸಿದ್ದಕ್ಕೆ ತ್ಸಾವ್ ತ್ಸಾವ್ ಹಲುಬುತ್ತಾನೆ. ಇದಕ್ಕಿಂತ ಒಳ್ಳೆಯ ದೃಶ್ಯವನ್ನು ನೀನು ಕಲ್ಪಿಸಲಾರೆ ಎಂದು ನನ್ನ ಅನಿಸಿಕೆ. ಬರೆದ ಮೇಲೆ ನನಗೆ ಕಳುಹಿಸು, ಅಕ್ಷರ ಸ್ವಲ್ಪ ದೊಡ್ಡದಿರಲಿ.

ಇಂತಿ,
ನಿನ್ನ ದೊಡ್ಡಪ್ಪ