ಬಸ್ಸಿನಲ್ಲಿ ಪಕ್ಕ ಕೂತ ಅಕ್ಕನಿಗೆ

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಿಂದ ಮನೆಗೆ ಬಂದಾಗ ಗಾಯ ಒಣಗಿತ್ತು. ನಾನು ಮಾತ್ರ ಕನ್ನಡಿಗೆ ಬೆಡ್‌ಶೀಟ್ ಹೊದಿಸಿ ಕೂತಿದ್ದೆ.

ನೀವು ಬಂದಿರಿ, ಅಕ್ಕ. ಸಮಾಧಾನ ಹೇಳಲಿಲ್ಲ. ಸುಮ್ನೆ ಸೆರಗು ಸರಿಸಿ ನಿಮ್ಮ ಕತ್ತಿನ ಸುಟ್ಟ ಕಲೆ ತೋರಿಸಿದಿರಿ. ದಿನಕ್ಕೆ 23 ಗಂಟೆ ಹಾಕಬೇಕಾದ ಆ ಬಿಗಿ ಪ್ರೆಶರ್ ಗಾರ್ಮೆಂಟ್, ಅಂದ್ರೆ ಕಲೆ ಉಬ್ಬದಂತೆ ಒತ್ತಿ ಹಿಡಿಯುವ ಬಟ್ಟೆಯ ಬಗ್ಗೆ ನಾನು ಗೊಣಗಿದರೆ, ‘ಬೈಕೋ, ಆದ್ರೆ ಬಿಚ್ಚಬೇಡ’ ಅಂದಿರಿ. ಕಲೆ ಮೆತ್ತಗಾಗಲು ವರ್ಷವೋ, ಎರಡು ವರ್ಷವೋ ಬೇಕು ಅಂತ ನಿಜ ಹೇಳಿದವರೂ ನೀವೇ. ರಾತ್ರಿಯ ತುರಿಕೆಗೆ ಎಣ್ಣೆ ಸವರುವುದನ್ನು ಅಮ್ಮನಿಗೆ ಕಲಿಸಿದಿರಿ.

ಮೊದಲ ಸಲ ಬಸ್ ಹತ್ತಿದಾಗ ಪಕ್ಕದಲ್ಲೇ ಇದ್ದಿರಿ. ಒಬ್ಬರು ದಿಟ್ಟಿಸಿ ನೋಡಿ, ‘ಏನಾಯ್ತಮ್ಮಾ?’ ಅಂದರು. ನೀವು ಹೇಳಿಕೊಟ್ಟಂತೆ ‘ಸ್ಟೌ ಸಿಡೀತು, ಈಗ ಹುಷಾರಾಗಿದ್ದೀನಿ’ ಅಂದೆ. ಅಷ್ಟೇ. ಅವರು ಕಿಟಕಿ ಕಡೆ ತಿರುಗಿದರು.

ಹೆಸರು ಬರೀಬೇಡ ಅಂದಿದ್ದಿರಿ, ಬರೆದಿಲ್ಲ. ಮೊನ್ನೆ ಕೆಲಸಕ್ಕೆ ಹೋದೆ, ಅಕ್ಕ. ಅರ್ಧ ತೋಳಿನ ಚೂಡಿದಾರ್ ಹಾಕ್ಕೊಂಡು.