ಕೆ.ಸಿ. ರೆಡ್ಡಿಯವರ ಕಾಲದ ಕಾಗದಪತ್ರ ಉಳಿಸಲು ಕೈಜೋಡಿಸಿ

ಆತ್ಮೀಯರೇ,

ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು ಅಂತ ಕೇಳಿ ನೋಡಿ. ಪರೀಕ್ಷೆಗೆ ಓದುವ ಹುಡುಗರು ಥಟ್ಟನೆ ಹೇಳುತ್ತಾರೆ: ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ. ನಮ್ಮಲ್ಲಿ ಹೆಚ್ಚಿನವರಿಗೆ ಅವರ ಪರಿಚಯ ಅಲ್ಲಿಗೇ ಮುಗಿಯುತ್ತದೆ. ಅವರು ಆ ಜಾಗಕ್ಕೆ ಬಂದದ್ದು ಹೇಗೆ, ಯಾರನ್ನು ಎದುರು ಹಾಕಿಕೊಂಡರು, ಎಲ್ಲಿ ರಾಜಿಯಾದರು, ಇದೆಲ್ಲ ಗೊತ್ತಾಗಬೇಕಾದರೆ ಆ ಕಾಲದ ಕಾಗದಗಳನ್ನೇ ಓದಬೇಕು. ಅಂಥ ಕಾಗದಗಳು ನಮ್ಮ ವಾಚನಾಲಯದಲ್ಲಿ ಕಪಾಟುಗಳ ತುಂಬ ಇವೆ, ಕಣ್ಣೆದುರೇ ಪುಡಿಯಾಗುತ್ತಿವೆ. ಅವನ್ನು ಉಳಿಸಲು ನಿಮ್ಮ ದೇಣಿಗೆ ಕೇಳುತ್ತಿದ್ದೇವೆ.

ನಮ್ಮದು ಬಸವನಗುಡಿಯ ಸಣ್ಣ ಟ್ರಸ್ಟ್. ಮಲ್ಲೇಶ್ವರ, ಚಾಮರಾಜಪೇಟೆ, ವಿಶ್ವೇಶ್ವರಪುರದ ಹಳೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುವಾಗ ಅಟ್ಟದ ಮೇಲಿನ ಟ್ರಂಕು ಸಾಮಾನ್ಯವಾಗಿ ಸೀದಾ ರದ್ದಿ ಅಂಗಡಿಗೆ ಹೋಗುತ್ತದೆ. ಕೆಲವು ಮನೆಯವರು ಹಾಗೆ ಮಾಡದೆ ನಮ್ಮನ್ನು ಕರೆದು ಕೊಟ್ಟರು. ತಾತ ಕೂಡಿಟ್ಟ ‘ತಾಯಿನಾಡು’, ‘ವಿಶ್ವ ಕರ್ನಾಟಕ’ ಪತ್ರಿಕೆಗಳು, ‘ಮೈಸೂರು ಚಲೋ’ ಕರಪತ್ರಗಳು, ಕಾಂಗ್ರೆಸ್ ಸಭೆಯ ನೋಟಿಸುಗಳು, ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು, 1952ರ ಚುನಾವಣೆಯ ಹ್ಯಾಂಡ್‌ಬಿಲ್‌ಗಳು ಹೀಗೆ ನಮ್ಮ ಕೈ ಸೇರಿದವು.

ರೆಡ್ಡಿಯವರು ಕೋಲಾರ ಜಿಲ್ಲೆಯವರು, 1902ರಲ್ಲಿ ಹುಟ್ಟಿದವರು, ವಕೀಲಿಕೆ ಓದಿದವರು. 1930ರಲ್ಲಿ ಗೆಳೆಯರ ಜೊತೆ ಪ್ರಜಾಪಕ್ಷ ಕಟ್ಟಿದರು. ಅದು ಪ್ರಜಾಮಿತ್ರ ಮಂಡಳಿಯ ಜೊತೆ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು, ಆಮೇಲೆ ಕಾಂಗ್ರೆಸ್ಸಿನಲ್ಲಿ ಸೇರಿತು. ಮೈಸೂರು ಕಾಂಗ್ರೆಸ್ಸಿಗೆ ಅವರು ಎರಡು ಸಲ ಅಧ್ಯಕ್ಷರಾದರು.

ನಮಗೆ ತುಂಬ ಮುಖ್ಯ ಅನಿಸುವುದು 1947ರ ಆ ಮೂರು ತಿಂಗಳು. ಆಗಸ್ಟ್ 15 ಬಂತು. ದೆಹಲಿಯಲ್ಲಿ ಬಾವುಟ ಏರಿತು. ಮೈಸೂರು ಸಂಸ್ಥಾನ ಭಾರತಕ್ಕೆ ಸೇರಲು ಒಪ್ಪಿತ್ತು ನಿಜ. ಆದರೆ ಒಳಗಿನ ಆಡಳಿತ ಇನ್ನೂ ದಿವಾನ್ ರಾಮಸ್ವಾಮಿ ಮುದಲಿಯಾರರ ಕೈಯಲ್ಲೇ ಇತ್ತು. ಜನರಿಗೆ ಉತ್ತರ ಹೇಳುವ ಜವಾಬ್ದಾರಿ ಸರ್ಕಾರ ಬೇಕು ಅಂತ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ನಾಯಕರು ಜೈಲು ಸೇರಿದರು. ಕಾಲೇಜು ಹುಡುಗರು ಬೀದಿಗಿಳಿದರು. ಅಕ್ಟೋಬರಿನಲ್ಲಿ ಒಪ್ಪಂದವಾಯಿತು. ತಿಂಗಳ ಕೊನೆಯೊಳಗೆ ರೆಡ್ಡಿಯವರ ಮಂತ್ರಿಮಂಡಲ ಪ್ರಮಾಣವಚನ ತೆಗೆದುಕೊಂಡಿತು. ದಿವಾನರ ಹುದ್ದೆ ಮಾತ್ರ 1949ರವರೆಗೂ ಉಳಿಯಿತು. ಇಷ್ಟು ಕಷ್ಟಪಟ್ಟು ಗೆದ್ದವರು ಇದಕ್ಕೆ ಯಾಕೆ ಒಪ್ಪಿದರು? ಸರಿಯೋ ತಪ್ಪೋ ಅಂತ ಆಗ ಜನ ಏನು ಮಾತಾಡಿಕೊಂಡರು? ಇವನ್ನೆಲ್ಲ ಹುಡುಕಬೇಕಾದ್ದು ಆ ವಾರಗಳ ಪತ್ರಿಕೆ, ನೋಟಿಸುಗಳಲ್ಲಿ.

ಸರ್ಕಾರದ ಕಡತಗಳಿಗೆ ವಿಧಾನಸೌಧದಲ್ಲೇ ರಾಜ್ಯ ಪತ್ರಾಗಾರ ಇದೆ, ದೆಹಲಿಯಲ್ಲಿ ರಾಷ್ಟ್ರೀಯ ಪತ್ರಾಗಾರ ಇದೆ. ರೆಡ್ಡಿಯವರು ಸದಸ್ಯರಾಗಿದ್ದ ಸಂವಿಧಾನ ಸಭೆಯ ಚರ್ಚೆಗಳು ಅಚ್ಚಾಗಿವೆ. ಹಾಗಿದ್ದ ಮೇಲೆ ಈ ಬಿಡಿ ಹಾಳೆ ಯಾಕೆ ಅಂತ ಕೆಲವರು ಕೇಳುತ್ತಾರೆ. ಕಡತದಲ್ಲಿ ಸರ್ಕಾರದ ಮಾತೇ ಜಾಸ್ತಿ, ಅಲ್ವಾ? ಸೆಪ್ಟೆಂಬರಿನ ಕಡತಕ್ಕೆ ರೆಡ್ಡಿಯವರು ಚಳವಳಿಗಾರ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಅವರೇ ಸರ್ಕಾರ. ಬೀದಿಯಲ್ಲಿ ನಿಂತವರು ಏನು ಕೇಳಿದರು ಅನ್ನುವುದು ಅವರೇ ಅಚ್ಚು ಹಾಕಿಸಿ ಹಂಚಿದ ಕರಪತ್ರದಲ್ಲಿದೆ. ಅದರ ಇನ್ನೊಂದು ಪ್ರತಿ ಎಲ್ಲಾದರೂ ಉಳಿದಿರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ.

ಮುಂದಿನ ವರ್ಷಗಳದ್ದೂ ಇವೆ. 1949ರಲ್ಲಿ ಬೆಂಗಳೂರು ಸಿಟಿ ಮತ್ತು ದಂಡು ಪ್ರದೇಶ ಸೇರಿ ಒಂದೇ ಕಾರ್ಪೊರೇಷನ್ ಆದದ್ದು ಅವರ ಕಾಲದಲ್ಲಿ. 1951ರ ಜುಲೈ 13ರಂದು ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಇಟ್ಟಾಗಲೂ ಅವರೇ ಮುಖ್ಯಮಂತ್ರಿ. ಕಟ್ಟಡವನ್ನು ಮೇಲೆಬ್ಬಿಸಿದ್ದು ಕೆಂಗಲ್ ಹನುಮಂತಯ್ಯನವರು, ಅವರ ಹೆಸರು ಅದಕ್ಕೆ ಅಂಟಿಕೊಂಡಿರುವುದು ನ್ಯಾಯವೇ. ಆಮೇಲೆ ರೆಡ್ಡಿಯವರು ಕೇಂದ್ರದಲ್ಲಿ ಮಂತ್ರಿಯಾದರು, ಮಧ್ಯಪ್ರದೇಶದ ರಾಜ್ಯಪಾಲರೂ ಆದರು. 1976ರಲ್ಲಿ ತೀರಿಕೊಂಡರು.

ಈಗ ಕಾಗದಗಳ ಸ್ಥಿತಿ ಹೇಳುತ್ತೇವೆ. ಆ ಕಾಲದ ಪತ್ರಿಕೆಗಳ ಕಾಗದ ಅಗ್ಗದ ಮರದ ತಿರುಳಿನದು. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಮೊದಲು ಹಳದಿ, ಆಮೇಲೆ ಕಂದು. ಕೊನೆಗೆ ಮಡಿಸಿದ ಕಡೆ ಹಪ್ಪಳದ ಹಾಗೆ ಮುರಿಯುತ್ತದೆ. ಗುಂಡುಸೂಜಿ ತುಕ್ಕು ಹಿಡಿದು ಅಕ್ಷರದವರೆಗೂ ಕಲೆ ಹರಡಿದೆ. ಎಂದೋ ಪ್ರೀತಿಯಿಂದ ಹಚ್ಚಿದ ಸೆಲೋಟೇಪು ಈಗ ಕಾಗದವನ್ನೇ ಕಿತ್ತುಕೊಂಡು ಬರುತ್ತಿದೆ. ಮಳೆಗಾಲದಲ್ಲಿ ಬೂಷ್ಟು, ವರ್ಷವಿಡೀ ಹುಳು.

ರಿಪೇರಿಗೆ ಅಡ್ಡದಾರಿ ಇಲ್ಲ. ಒಂದೊಂದು ಹಾಳೆಯನ್ನೂ ಮೆತ್ತನೆಯ ಬ್ರಷ್‌ನಲ್ಲಿ ಒರೆಸಬೇಕು. ಹರಿದ ಕಡೆ ತೆಳ್ಳನೆಯ ಜಪಾನಿ ಕಾಗದವನ್ನು ಗೋಧಿ ಅಂಟಿನಿಂದ ಹಚ್ಚಬೇಕು. ಈ ಅಂಟನ್ನು ಮುಂದೆ ಬೇಕೆಂದರೆ ನೀರಿನಿಂದಲೇ ಬಿಡಿಸಬಹುದು, ಅದಕ್ಕೇ ಅದನ್ನು ಬಳಸುವುದು. ಆಮ್ಲವಿಲ್ಲದ ಪೆಟ್ಟಿಗೆ ಬೇಕು. ಹಾಳೆಯನ್ನು ಒತ್ತದೆ ಮೇಲಿನಿಂದಲೇ ಚಿತ್ರ ತೆಗೆಯುವ ಸ್ಕ್ಯಾನರ್ ಬೇಕು. ಇವುಗಳಿಗಿಂತ ಜಾಸ್ತಿ ಖರ್ಚು ಕೆಲಸ ಬಲ್ಲವರ ಸಂಬಳದ್ದು. ಇದು ಸ್ವಯಂಸೇವಕರು ಭಾನುವಾರ ಬಂದು ಮುಗಿಸುವ ಕೆಲಸವಲ್ಲ. ತರಬೇತಿ ಪಡೆದವರು ದಿನವಿಡೀ ಕೂತು ಮಾಡಬೇಕು, ಅವರಿಗೆ ಮರ್ಯಾದೆಯ ಸಂಬಳ ಕೊಡಬೇಕು. ನಿಮ್ಮ ದೇಣಿಗೆಯ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ ಅಂತ ಮೊದಲೇ ತಿಳಿಸುತ್ತಿದ್ದೇವೆ.

ಆಮೇಲೆ ಪ್ರತಿ ಹಾಳೆಗೂ ತಾರೀಖು, ಊರು, ಅಚ್ಚು ಹಾಕಿದವರ ಹೆಸರು ಬರೆದು ಕನ್ನಡದಲ್ಲೇ ಪಟ್ಟಿ ಮಾಡುತ್ತೇವೆ. ಸ್ಕ್ಯಾನ್ ಮಾಡಿದ ಪ್ರತಿಯನ್ನು ಯಾರು ಬೇಕಾದರೂ ಬಂದು ಓದಬಹುದು, ದುಡ್ಡು ಕೊಡಬೇಕಿಲ್ಲ. ಕೋಲಾರದ ಕಾಲೇಜಿನ ಹುಡುಗಿಯೊಬ್ಬಳು ತನ್ನ ಜಿಲ್ಲೆಯ ನಾಯಕನ ಬಗ್ಗೆ ಬರೆಯಬೇಕೆಂದರೆ ದೆಹಲಿಯವರೆಗೆ ಹೋಗುವ ಹಾಗಾಗಬಾರದು.

₹500 ಕೊಟ್ಟರೂ ಸಂತೋಷ, ₹50,000 ಕೊಟ್ಟರೂ ಸಂತೋಷ. ಒಂದು ಕಪಾಟಿನ ಪೂರ್ತಿ ಖರ್ಚನ್ನು ಒಂದು ಮನೆತನ ಅಥವಾ ಗೆಳೆಯರ ಗುಂಪು ವಹಿಸಿಕೊಂಡರೆ ಹಿರಿಯರ ಹೆಸರನ್ನು ಅದರ ಮೇಲೆ ಬರೆಸುತ್ತೇವೆ. ಚೆಕ್ ಅಥವಾ ನಗದು ಯಾವುದೇ ಇರಲಿ, ರಸೀದಿ ತಪ್ಪದೆ ಪಡೆಯಿರಿ. ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳೂ ವಾಚನಾಲಯದ ಬೋರ್ಡಿನಲ್ಲಿ ಹಾಕುತ್ತೇವೆ. ಕೊಡುವ ಮುಂಚೆ ಒಮ್ಮೆ ಬಂದು ಕಪಾಟು ತೆಗೆಸಿ ನೋಡಿ.

ದುಡ್ಡು ಕೊಡಲು ಆಗದವರು ತಮ್ಮ ಮನೆಯ ಅಟ್ಟ ಹುಡುಕಿ. ಆ ಕಾಲದ ಪತ್ರ, ಫೋಟೊ, ನೋಟಿಸು ಸಿಕ್ಕರೆ ರದ್ದಿಗೆ ಹಾಕಬೇಡಿ, ಲ್ಯಾಮಿನೇಟ್ ಕೂಡ ಮಾಡಿಸಬೇಡಿ. ಲ್ಯಾಮಿನೇಟ್ ಮಾಡಿದ್ದನ್ನು ಬಿಡಿಸುವುದು ಬಲು ಕಷ್ಟ. ಹಾಗೇ ತನ್ನಿ. ಮೂಲವನ್ನು ಕೊಡಲು ಮನಸ್ಸಿಲ್ಲದಿದ್ದರೆ ಸ್ಕ್ಯಾನ್ ಮಾಡಿಕೊಂಡು ವಾಪಸು ಕೊಡುತ್ತೇವೆ.

ಟ್ರಸ್ಟಿನ ಪರವಾಗಿ,
ಕಾರ್ಯದರ್ಶಿ